ಸಿಹಿಬಾವಿಗೆ ಸಕ್ಕರೆ

ಶಹಾಪುರದ ಕಲಾಯಿ ಹಸನಸಾಬ ಬಾಯಿ ತೆರೆದನೆಂದರೆ ಹಿತ್ತಾಳೆಯೂ ತಾನು ಬಂಗಾರವೆಂದು ನಂಬಿಬಿಡುತ್ತಿತ್ತು. ಅವನ ಕೈಯ ಕಲಾಯಿ ವರ್ಷಕ್ಕೆ ಮಾಸಬಹುದು, ಬಾಯಿಯ ಕಲಾಯಿ ಮಾತ್ರ ಮೊಮ್ಮಕ್ಕಳ ಮದುವೆಯವರೆಗೂ ಫಳಫಳ. ಕೆಂಭಾವಿ ಸಂತೆಯಲ್ಲಿ ಅವನು ತಿದಿ ಒತ್ತುತ್ತ, ಕೆಂಡದ ಮೇಲೆ ಪಾತ್ರೆ ತಿರುಗಿಸುತ್ತ, ಹೊಗೆಯ ನಡುವಿನಿಂದ ಕತೆ ಶುರುಮಾಡಿದರೆ ಎಮ್ಮೆಗಳು ಮೆಲುಕು ನಿಲ್ಲಿಸುತ್ತಿದ್ದವು. ಒಂದು ತಟ್ಟೆ ಹೊಳೆಯಿಸಲು ಬಂದ ಹೆಣ್ಣುಮಕ್ಕಳು ಕತೆಯ ಕೊನೆ ಕೇಳುವ ಆಸೆಗೆ ಮನೆಗೆ ಓಡಿ ಅಟ್ಟದ ಮೇಲಿನ ಹಂಡೆ ಹೊತ್ತು ತರುತ್ತಿದ್ದರು. ಊರ ಬೆನ್ನಿಗೆ ಅಂಗಾತ ಮಲಗಿದ ಗುಡ್ಡವಿದೆಯಲ್ಲ, ಅದು ಮೊದಲು ನೆಟ್ಟಗೆ ನಿಂತೇ ಇತ್ತಂತೆ. ಹಸನಸಾಬನ ಅಜ್ಜ ಕತೆ ಹೇಳುತ್ತ ಹೇಳುತ್ತ ಅದಕ್ಕೆ ನಿದ್ದೆ ಬಂದು ಹಾಗೇ ಒರಗಿತಂತೆ. ಹೇಳಿದವನು ಯಾರು? ಹಸನಸಾಬನೇ. ಕೇಳಿದವರು? ಮೂರು ತಾಲೂಕಿನ ಜನ.

ಅವನ ಅಕ್ಕ ಚಮನಬೀ ಇದಕ್ಕೆ ಪೂರ್ತಿ ತಿರುಗುಮುರುಗು. ಇದ್ದದ್ದನ್ನು ಇದ್ದಷ್ಟೇ ಹೇಳುವ ಹೆಂಗಸು. ತಾಯಿ ತೀರಿಕೊಂಡ ಮೇಲೆ ಹಸನನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು, ಗಂಡ ತೀರಿಕೊಂಡ ಮೇಲೆ ತಮ್ಮನ ಮನೆಗೇ ಬಂದು ಕೂತವಳು. ಮದುವೆಯಲ್ಲಿ ಎಷ್ಟು ಜನ ಉಂಡರು ಎಂದು ಕೇಳಿದರೆ ಹಸನಸಾಬ ಹೈದರಾಬಾದಿನ ಅರ್ಧ ಉಂಡಿತು ಎನ್ನುತ್ತಿದ್ದ. ಚಮನಬೀ, ‘ಬಂದವರು ಉಂಡರು’ ಎನ್ನುತ್ತಿದ್ದಳು. ಓಣಿಯಲ್ಲಿ ಗೋಡೆಯ ಜಗಳವಿರಲಿ, ಕೋಳಿಯ ಜಗಳವಿರಲಿ, ‘ಚಮನಬೀ ಅಂದಾಳ’ ಎಂದರೆ ಎರಡೂ ಕಡೆಯವರು ಚಪ್ಪಲಿ ಮೆಟ್ಟಿಕೊಂಡು ಮನೆಗೆ ನಡೆಯುತ್ತಿದ್ದರು. ಜಡ್ಜ್ ಸಾಹೇಬರು ಕೂಡ ತೀರ್ಪು ಬರೆಯುವ ಮುಂಚೆ ಅವಳನ್ನು ಕೇಳಿ ಕಳಿಸುತ್ತಾರೆ ಎಂಬುದು ಹಸನಸಾಬನ ಹೇಳಿಕೆ. ಅದನ್ನು ಮಾತ್ರ ಯಾರೂ ನಂಬಲಿಲ್ಲ, ಆದರೆ ನಂಬಬಹುದಿತ್ತು.

ಓಣಿಯ ಕೊನೆಗೆ ಒಂದು ಬಾವಿ. ಸುತ್ತಲಿನ ಬೋರುಗಳ ನೀರು ಎಂಥದ್ದೆಂದರೆ ಹಾಲಿಗೆ ಬಿದ್ದರೆ ಹಾಲು ಒಡೆಯುತ್ತಿತ್ತು, ಬೇಳೆಗೆ ಹಾಕಿದರೆ ಬೇಳೆ ಬೇಯುವ ಮುಂಚೆ ಗಂಡ ಉಪವಾಸ ಮಲಗುತ್ತಿದ್ದ. ಇದೊಂದು ಬಾವಿಯ ನೀರು ಮಾತ್ರ ಸಿಹಿ. ಕನ್ನಡದ ಮನೆಗಳವರು ಸಿಹಿಬಾವಿ ಎಂದರು, ದಖನಿ ಮಾತಿನ ಮನೆಗಳವರು ಮೀಠೀ ಬಾವ್ಡಿ ಎಂದರು. ನೀರು ಎರಡೂ ಹೆಸರಿಗೆ ಓ ಎನ್ನುತ್ತಿತ್ತು. ಬಾವಿಯ ಡೋಲು, ಅಂದರೆ ನೀರು ಸೇದುವ ಚರ್ಮದ ಚೀಲ, ಚಮನಬೀಯ ಸುಪರ್ದಿನಲ್ಲಿ. ಆ ಡೋಲಿನ ಹೊರತು ಬೇರೆ ಯಾವ ಪಾತ್ರೆಯೂ ಬಾವಿಗೆ ಇಳಿಯಕೂಡದು. ಬಾವಿಕಟ್ಟೆಯ ಮೇಲೆ ಚಪ್ಪಲಿ ಏರಕೂಡದು. ಸೇದಿದ ನೀರಿನ ಮೊದಲ ಬೊಗಸೆಯನ್ನು ಬಾವಿಗೇ ಹಿಂದಕ್ಕೆ ಬಿಡಬೇಕು, ‘ಲೇ ಮಾ, ತೇರಾ ತೇರೆಕು’ ಅನ್ನಬೇಕು. ತಗೋ ತಾಯಿ, ನಿನ್ನದು ನಿನಗೆ. ಇಷ್ಟೇ ಕಾನೂನು.

ಒಂದು ದಿನ ನಂದಿನಿ ಟೀಚರು ಬಂದರು. ಓಣಿಯ ಸರಕಾರಿ ಶಾಲೆಯಲ್ಲಿ ಒಂದನೆಯ ಇಯತ್ತೆಗೆ ಕಲಿಸುವ ಹುಡುಗಿ, ಮಾತು ಚುರುಕು, ನಡಿಗೆ ಅದಕ್ಕಿಂತ ಚುರುಕು.

“ಹಸನಕಾಕಾ, ನಮ್ಮ ಸಾಲ್ಯಾಗ ಅರ್ಧ ಮಕ್ಕಳು ಮನ್ಯಾಗ ದಖನಿ ಮಾತಾಡ್ತಾರ. ಸಾಲಿ ಬಾಗಲಾ ದಾಟಿದ ಕೂಡ್ಲೆ ಅವರ ಬಾಯಿಗಿ ಬೀಗ ಬೀಳ್ತದ್ರಿ. ಅದಕ್ಕ ಒಂದು ಬುಕ್ಕ ಮಾಡಾಕತ್ತೇವಿ. ಎಡಕ್ಕ ಅವರ ದಖನಿ ಕನ್ನಡ ಅಕ್ಷರದಾಗ, ಬಲಕ್ಕ ನಮ್ಮ ಕನ್ನಡ. ನೀರನ್ನ ಹೆಂಗ ಕಾಯಬೇಕು ಅನ್ನೂದರ ಮ್ಯಾಲ.”

“ಇಂಥಾ ಬುದ್ಧಿ ನಿಮಗ ಹೆಂಗ ಬಂತ್ರಿ?”

“ತರಬೇತಿಯೊಳಗ ನೋಡಿದೆ. ಅಮೆರಿಕದಾಗ ದೊಡ್ಡ ದೊಡ್ಡ ಸರೋವರದ ಕಡೆ ಒಜಿಬ್ವೆ ಅಂತ ಮೂಲದ ಮಂದಿ ಅದಾರ್ರಿ. ತಮ್ಮ ಮಾತೂ ಉಳೀಬೇಕು, ನೀರೂ ಉಳೀಬೇಕು ಅಂತ ಮಕ್ಕಳಿಗಿ ಎರಡು ಭಾಷಾದಾಗ ಬುಕ್ಕ ಮಾಡ್ಯಾರ.”

“ಗೊತ್ತು ಗೊತ್ತು,” ಎಂದ ಹಸನಸಾಬ ಕಣ್ಣೂ ಮಿಟುಕಿಸದೆ. “ನಮ್ಮ ಮುತ್ತಜ್ಜ ಅವರ ಕೊಡಕ್ಕ ಕಲಾಯಿ ಹಾಕಿ ಬಂದಿದ್ದ. ರೊಕ್ಕ ತಗೊಳ್ಳಿಲ್ಲ.”

ನಂದಿನಿ ನಕ್ಕು ಚಮನಬೀಯ ಎದುರು ಕೂತಳು. “ಅವ್ವಾ, ಬಾವಿ ಹತ್ರ ನೀವು ಮಕ್ಕಳಿಗಿ ಏನು ಹೇಳ್ತೀರಿ, ಅದನ್ನ ನಿಮ್ಮ ಮಾತಿನಾಗೇ ಹೇಳ್ರಿ.”

ಚಮನಬೀ ಸೆರಗು ಸರಿಮಾಡಿಕೊಂಡು ಹೇಳಿದಳು. “ಚಪ್ಪಲ್ ಭಾರ್ ಛೋಡೊ. ಅಪ್ನಾ ಬರ್ತನ್ ಅಂದರ್ ನಕ್ಕೊ ಡಾಲೊ. ಪಹಿಲಾ ಚುಲ್ಲೂ ಬಾವ್ಡೀಕು ದೇವೊ. ಫಿರ್ ಪೀವೊ.” ಚಪ್ಪಲಿ ಹೊರಗೆ ಬಿಡು, ನಿನ್ನ ಪಾತ್ರೆ ಒಳಗೆ ಇಳಿಸಬೇಡ, ಮೊದಲ ಬೊಗಸೆ ಬಾವಿಗೆ ಕೊಡು, ಆಮೇಲೆ ಕುಡಿ. ಹೇಳಿ ಮುಗಿಸಿ ಎದ್ದು ರೊಟ್ಟಿ ಬಡಿಯಲು ಹೋದಳು.

ನಂದಿನಿಯ ಕಣ್ಣುಗಳು ಹೊಳೆದವು. ಹಸನಸಾಬನ ಹೊಟ್ಟೆ ಉರಿಯಿತು. ಸಿಹಿಬಾವಿಯಂಥ ಸಿಹಿಬಾವಿ, ಅದರ ಕತೆ ಇಷ್ಟೇನಾ? ಕುಂಬಳಕಾಯಿಯನ್ನು ಸಾಸಿವೆ ಮಾಡಿಬಿಟ್ಟಳಲ್ಲ ಈ ಅಕ್ಕ, ಈ ಆಪಾ! “ಟೀಚರ್ರಿ, ಕನ್ನಡದ ಪುಟ ನಾ ಹೇಳ್ತೀನಿ,” ಎಂದು ಮುಂದೆ ಬಂದ. ಒಲೆಯ ಮುಂದಿನಿಂದ ಚಮನಬೀ ಕೂಗಿದಳು. ಅವಳಿಗೆ ತಮ್ಮನ ಮೇಲೆ ಪ್ರೀತಿ ಬಂದರೆ ದಖನಿ, ಸಿಟ್ಟು ಬಂದರೆ ಕನ್ನಡ. ಈಗ ಬಂದದ್ದು ಕನ್ನಡ.

“ಇದ್ದದ್ದು ಇದ್ದಂಗ ಹೇಳು ಹಸನ. ಮಕ್ಕಳ ಬುಕ್ಕದು.”

“ಇದ್ದಂಗೇ ಹೇಳ್ತೀನಿ ಆಪಾ.”

ಮರುದಿನ ಶಾಲೆಯ ಬೇವಿನ ಗಿಡದ ಕೆಳಗೆ ಕೂತು ಹೇಳತೊಡಗಿದ. ಮೊದಲ ಎರಡು ವಾಕ್ಯ ಇದ್ದಂಗೇ ಇದ್ದವು. ಮೂರನೆಯದಕ್ಕೆ ನಾಲಿಗೆ ತುರಿಸಿತು. ಬಾವಿಯ ತಳದಲ್ಲಿ ಬಾವಿಯವ್ವ ಕೂತಳು, ಅವಳ ಕೂದಲು ಸುರಪುರದವರೆಗೂ ಹರಿಯಿತು. ನೀರು ಸಿಹಿ ಏಕೆ ಎಂಬುದಕ್ಕೆ ಒಂದು ಕಾರಣ ಬೇಡವೇ? ಬಂತು ಕಾರಣವೂ. ಮೊದಲ ಬೊಗಸೆಯ ಜೊತೆ ಒಂದು ಹಿಡಿ ಸಕ್ಕರೆ ಹಾಕಿದರೆ ಬಾವಿಯವ್ವ ನಗುತ್ತಾಳೆ, ಅವಳು ನಕ್ಕಷ್ಟೂ ನೀರು ಸಿಹಿಯಾಗುತ್ತದೆ. ನಿಜಾಮರ ಕಾಲದಿಂದ ಈ ಓಣಿಯವರು ಹೀಗೇ ಮಾಡುತ್ತ ಬಂದಿದ್ದಾರೆ, ಅದಕ್ಕೇ ಇದು ಸಿಹಿಬಾವಿ.

ಬರೆದುಕೊಳ್ಳುತ್ತಿದ್ದ ನಂದಿನಿ ಪೆನ್ನು ನಿಲ್ಲಿಸಿದಳು. “ಕಾಕಾ, ಸಕ್ರಿ ಮಾತು ಅವ್ವಾರು ಹೇಳಲೇ ಇಲ್ಲಲ್ರಿ?”

ಅಲ್ಲಿ ಅವನು ನಕ್ಕುಬಿಡಬಹುದಿತ್ತು. ಅದು ನನ್ನ ಒಗ್ಗರಣೆ ಟೀಚರ್ರಿ, ಬೇಕಾದರೆ ಇಡಿ, ಬೇಡಾದರೆ ತೆಗೀರಿ, ಎಂದುಬಿಡಬಹುದಿತ್ತು. ಆದರೆ ಕಣ್ಣೆದುರು ಬಾವಿಯವ್ವ ಆಗತಾನೆ ಎದ್ದು ಕೂತಿದ್ದಳು. ಅವಳನ್ನು ಮತ್ತೆ ತಳಕ್ಕೆ ನೂಕಲು ಮನಸ್ಸು ಬರಲಿಲ್ಲ. ಹಸನಸಾಬ ದನಿ ಇಳಿಸಿದ.

“ಆಪಾಗ ವಯಸ್ಸಾತು ನೋಡ್ರಿ. ಈಗೀಗ ಮರೀತಾಳ. ನೀವು ಆಕಿ ಮುಂದ ಈ ಮಾತು ತಗೀಬ್ಯಾಡ್ರಿ, ಮನಸಿಗಿ ಹಚ್ಕೋತಾಳ.”

ನಂದಿನಿಯ ಮುಖ ಕರಗಿತು. “ಅಯ್ಯೋ ಪಾಪ. ಇಲ್ಲ ಬಿಡ್ರಿ ಕಾಕಾ, ತಗಿಯಂಗಿಲ್ಲ.” ಪೆನ್ನು ಮತ್ತೆ ಓಡಿತು. ಆ ಸುಳ್ಳನ್ನು ಅವನು ಎಷ್ಟು ಚೆಂದ ಹೇಳಿದ್ದನೆಂದರೆ, ಮನೆಗೆ ಹೋಗುವಾಗ ಅಕ್ಕನ ಬಗ್ಗೆ ಅವನಿಗೇ ಸ್ವಲ್ಪ ಕನಿಕರವಾಯಿತು.

ಪುಸ್ತಕ ಅಚ್ಚಾಗಿ ಬಂತು. ಬಣ್ಣ ಬಣ್ಣದ ಚಿತ್ರ, ಅಂಗೈ ಅಗಲದ ಅಕ್ಷರ. ನೆರೆಮನೆಯ ಪುಟ್ಟ ಅಂಬರೀನ, ತರಗತಿಯಲ್ಲಿ ಒಂದು ವರ್ಷ ತುಟಿ ಪಿಟಕ್ಕೆನ್ನದ ಹುಡುಗಿ, ಕಟ್ಟೆಯ ಮೇಲೆ ಕೂತು ಎಡಪುಟವನ್ನು ಗಟ್ಟಿಯಾಗಿ ಓದಿದಳು. ಚಪ್ಪಲ್ ಭಾರ್ ಛೋಡೊ. ಚಮನಬೀ ಬೆರಳಿನಿಂದ ಅಕ್ಷರಗಳನ್ನು ಮುಟ್ಟಿ ನೋಡಿದಳು.

“ಇದು ನಾ ಅಂದಿದ್ದು?”

“ಹ್ಞೂಂ ನಾನಿ.”

“ನಾ ಅಂದಂಗೇ ಅದ?”

“ನೀ ಅಂದಂಗೇ.”

ಅವಳು ಪುಸ್ತಕವನ್ನು ಕಣ್ಣಿಗೊತ್ತಿಕೊಂಡಳು. ಅಂಬರೀನ ಬಲಪುಟಕ್ಕೆ ಹೊರಳಿದ್ದೇ ತಡ, ಹಸನಸಾಬ ಹಾರಿ ಬಂದ. “ಅದೂ ಅದೇ ಮಾತು, ಕನ್ನಡದಾಗ. ಎರಡೆರಡು ಸಲ ಓದಿ ಗಂಟಲ ಯಾಕ ಒಣಗಿಸ್ಕೋತಿ? ಹೋಗು, ಅಂಗಡ್ಯಾಗ ಬಿಸ್ಕೀಟ ತಗೋ, ನನ್ನ ಹೆಸರ ಹೇಳು.”

ಪುಸ್ತಕ ಶಹಾಪುರದಲ್ಲಿ ನಿಲ್ಲಲಿಲ್ಲ. ಸುರಪುರಕ್ಕೆ ಹೋಯಿತು, ಕೆಂಭಾವಿಗೆ ಹೋಯಿತು, ಯಾದಗಿರಿಯ ಶಾಲೆಗಳಿಗೂ ಹತ್ತಿಕುಣಿಗೂ ಹೋಯಿತು. ಹಸನಸಾಬನ ಪ್ರಕಾರ ಮುಂಬೈ-ಚೆನ್ನೈ ಗಾಡಿಯ ಡ್ರೈವರನೂ ಯಾದಗಿರಿ ಸ್ಟೇಷನ್ನಿನಲ್ಲಿ ಒಂದು ಪ್ರತಿ ಕೊಂಡು ಸಿಗ್ನಲ್ ಮರೆತು ಓದುತ್ತ ಕೂತಿದ್ದನಂತೆ. ಸಂತೆಯಲ್ಲಿ ಹುಡುಗರು ಅವನ ಸುತ್ತ ನೆರೆದು, ‘ಬಾವಿಯವ್ವನ ಅಜ್ಜ’ ಎಂದು ಕರೆಯತೊಡಗಿದರು. ಅವನ ಎದೆ ಎಷ್ಟು ಉಬ್ಬಿತೆಂದರೆ ಅಂಗಿಯ ಗುಂಡಿಗಳು ಒಂದೊಂದಾಗಿ ಕೆಲಸ ಬಿಟ್ಟವು.

ಆಮೇಲೆ ಮಕ್ಕಳು ಬಂದರು. ಸುರಪುರದಿಂದ ಒಂದು ಟೆಂಪೊ ತುಂಬ, ಗುರುದೇವಿ ಎಂಬ ಟೀಚರ ಜೊತೆ. ಎಲ್ಲರೂ ಕಟ್ಟೆಯ ಕೆಳಗೆ ಸಾಲಾಗಿ ಚಪ್ಪಲಿ ಬಿಟ್ಟರು. ಚಮನಬೀಗೆ ಸಂತೋಷವಾಯಿತು. ಡೋಲು ಬಿಟ್ಟು ಸೇದಿದಳು. ಮಕ್ಕಳು ಬೊಗಸೆ ಒಡ್ಡಿದರು, ಮೊದಲ ಬೊಗಸೆ ಬಾವಿಗೆ ಬಿಟ್ಟರು, ಲೇ ಮಾ ಎಂದರು, ಅವಳ ಮಾತನ್ನೇ. ನಂತರ ಒಬ್ಬ ಹುಡುಗಿ ಲಂಗದ ಜೇಬಿನಿಂದ ಕಾಗದದ ಪೊಟ್ಟಣ ತೆಗೆದಳು.

“ಏನದು ಮಗಾ?”

“ಸಕ್ರಿ ಅಜ್ಜಿ, ಬುಕ್ಕಿನ್ಯಾಗಿನ ಬಾವಿಯವ್ವಗ. ನಂದು ಚಹಾಕ್ಕ ಹಾಕೂದು ಉಳಿಸಿ ತಂದೀನಿ.”

ಅವಳ ಹಿಂದೆ ಸಾಲಾಗಿ ಪೊಟ್ಟಣಗಳು ಬಿಚ್ಚಿಕೊಂಡವು. ಚಮನಬೀ ಬೇಡ ಎನ್ನಲು ಬಾಯಿ ತೆರೆದಳು. ಆ ಹುಡುಗಿಯ ಮುಖ ನೋಡಿ ಬಾಯಿ ಮುಚ್ಚಿದಳು. ಸಕ್ಕರೆ ಬಿಸಿಲಿಗೆ ಮಿನುಗುತ್ತ ಒಳಗೆ ಬಿತ್ತು.

ಸಂಜೆ ಹಸನಸಾಬ ಸೈಕಲ್ ಇಳಿಯುತ್ತಿದ್ದ ಹಾಗೇ ಕನ್ನಡ ಶುರುವಾಯಿತು.

“ಹಸನ, ಸಕ್ರಿ ಮಾತು ಯಾವ ಬುಕ್ಕಿನ್ಯಾಗ ಅದ?”

“ಮಕ್ಕಳು ಆಪಾ. ಪ್ರೀತಿಲಿಂದ ಹಾಕ್ತಾವ. ಒಂದು ಹಿಡಿ ಸಕ್ರಿಗಿ ಏನಾಗ್ತದ? ಬಾವಿ ಅಂದ್ರ ಸಮುದ್ರ ಇದ್ದಂಗ.”

“ಸಮುದ್ರ ಯಾವಾಗ ನೋಡಿದ್ದಿ ನೀ?”

ಹಸನಸಾಬ ಸೈಕಲ್ಲಿನ ಸ್ಟ್ಯಾಂಡು ಹಾಕುವುದರಲ್ಲಿ ಬಹಳ ಹೊತ್ತು ಕಳೆದ.

“ಇದ್ದಂಗ ಹೇಳು ಅಂದಿದ್ದೆ.”

“ಇದ್ದಂಗೇ ಹೇಳೀನಿ. ಮ್ಯಾಲ ಸ್ವಲ್ಪ ಒಗ್ಗರಣಿ.”

“ಒಗ್ಗರಣಿ ಸೀದ್ರ ಬ್ಯಾಳಿನೂ ಹೋಗ್ತದ. ನಾಳಿ ಹೋಗಿ ಟೀಚರಗ ಹೇಳು, ಆ ಮಾತು ತಗಿ ಅಂತ.”

ಮರುದಿನ ಹೋದ. ಶಾಲೆಯ ಗೇಟಿನ ತನಕ ಹೋದ. ಒಳಗೆ ಹೋಗಿ ಸಕ್ಕರೆ ಸುಳ್ಳು ಎಂದರೆ ನಂದಿನಿ ಮುಂದಿನ ಪ್ರಶ್ನೆ ಕೇಳುತ್ತಾಳೆ. ಹಾಗಾದರೆ ಅವ್ವಾರಿಗೆ ಮರೆವು ಅಂದಿದ್ದು? ಆ ಪ್ರಶ್ನೆಗೆ ಮೂರು ತಾಲೂಕಿನ ಕತೆಗಾರನ ಹತ್ತಿರ ಕತೆ ಇರಲಿಲ್ಲ. ಗೇಟಿನ ಮುಂದೆ ಒಂದು ಚಹಾ ಕುಡಿದು ಹಿಂದಿರುಗಿದ. ಟೀಚರು ರಜದ ಮೇಲಿದ್ದಾರೆ ಎಂದ. ಆಮೇಲೆ ಇನ್ನೊಂದು ಸಲವೂ ರಜ ಹಾಕಿಸಿದ.

ಮಕ್ಕಳ ಹಿಂದೆ ದೊಡ್ಡವರು ಬಂದರು. ಮಕ್ಕಳದ್ದು ಪೊಟ್ಟಣ, ದೊಡ್ಡವರದ್ದು ಚೀಲ. ಒಬ್ಬರು ಹರಕೆ ಎಂದರು, ಇನ್ನೊಬ್ಬರು ಮನ್ನತ್ ಎಂದರು, ಬಿದ್ದದ್ದು ಮಾತ್ರ ಒಂದೇ ಬಾವಿಗೆ. ಯಾದಗಿರಿಯ ವ್ಯಾಪಾರಿಯೊಬ್ಬ, ಮಗನ ತೊದಲು ಹೋಯಿತೆಂದು ಇಡೀ ಮೂಟೆಯನ್ನೇ ಬೋರಲು ಹಾಕಿ ಫೋಟೊ ತೆಗೆಸಿಕೊಂಡ. ಬೆಲ್ಲ ಬಂತು, ಬೆಂಡು ಬತ್ತಾಸು ಬಂತು. ಚಮನಬೀ ಡೋಲು ತಬ್ಬಿಕೊಂಡು ‘ಹಾಕಬ್ಯಾಡ್ರೋ’ ಎಂದರೆ, ‘ಅಜ್ಜಿ, ಬುಕ್ಕಿನ್ಯಾಗ ಅದ’ ಎಂದು ಅವಳಿಗೇ ಪುಟ ತೋರಿಸುತ್ತಿದ್ದರು. ಮೂರು ತಾಲೂಕಿನ ಇರುವೆಗಳು ಬಿಡಾರ ಎತ್ತಿ ಬಾವಿಕಟ್ಟೆಗೆ ಬಂದು ನೆಲೆಸಿದವು.

ಒಂದು ಬೆಳಿಗ್ಗೆ ಬಾವಿಯ ಮೀನುಗಳು ಬೆಳ್ಳಗೆ ಮೇಲೆ ತೇಲುತ್ತಿದ್ದವು. ಭೀಮಾ ದಂಡೆಯಿಂದ ಮೀನು ಮಾರಲು ಬರುವ ಅಮರಪ್ಪ, ಹಸನಸಾಬನ ಹಳೆಯ ಗೆಳೆಯ, ಬುಟ್ಟಿ ಇಳಿಸಿ ಡೋಲಿನ ನೀರು ಮೂಸಿದ.

“ಹಸನ್ಯಾ, ಇದು ನೀರಲ್ಲಲೇ, ಸೇಂದಿ. ಇನ್ನೊಂದು ವಾರ ಬಿಟ್ರ ಲೈಸನ್ಸ ತಗೀಬೇಕಾಗ್ತದ.”

ಯಾರೂ ನಗಲಿಲ್ಲ. ಅಮರಪ್ಪನೂ ನಗಲಿಲ್ಲ. ಚಮನಬೀ ಬುಟ್ಟಿಯೊಂದನ್ನು ಇಳಿಸಿ ಸತ್ತ ಮೀನುಗಳನ್ನು ಎತ್ತತೊಡಗಿದಳು. ಡೋಲಿನ ಹೊರತು ಬೇರೆ ಪಾತ್ರೆ ಬಾವಿಗೆ ಇಳಿದದ್ದು ಅದೇ ಮೊದಲು, ಇಳಿಸಿದವಳೂ ಅವಳೇ.

ಹಸನಸಾಬನಿಗೆ ಆ ದಿನ ಊಟ ಸೇರಲಿಲ್ಲ. ಆದರೂ ಅವನ ಬುದ್ಧಿ ತನ್ನ ಹಳೆಯ ದಾರಿಯನ್ನೇ ಹಿಡಿಯಿತು. ಒಂದು ಕತೆಯಿಂದ ಕೆಟ್ಟದ್ದನ್ನು ಇನ್ನೊಂದು ಕತೆಯಿಂದ ತೊಳೆಯಬಾರದೇಕೆ? ಮರುದಿನ ಬಾವಿಕಟ್ಟೆಯ ಪಕ್ಕ ನಿಂತು ಡಂಗುರ ಹೊಡೆದ.

“ಕೇಳ್ರಪಾ ಕೇಳ್ರಿ! ಬಾವಿಯವ್ವಗ ಶುಗರ್ ಬಂದದ! ನನ್ನ ಕನಸಿನ್ಯಾಗ ಬಂದು ಅಂದಾಳ, ಡಾಕ್ಟ್ರು ಸಕ್ರಿ ಬಂದ್ ಮಾಡ್ಯಾರ ಅಂತ! ಇನ್ನ ಒಂದು ಕಾಳು ಹಾಕಿದ್ರೂ ಆಕಿ ಜೀವಕ್ಕ ಬರ್ತದ!”

ಸಕ್ಕರೆ ನಿಂತಿತು! ಹಸನಸಾಬ ಮೀಸೆಗೆ ಕೈ ಹಾಕಿದ. ಜಗತ್ತಿನಲ್ಲಿ ಬಾಯಿಂದ ಬಾವಿ ವಾಸಿಮಾಡಿದ ಮೊದಲ ಹಕೀಮ ತಾನೇ ಎಂದುಕೊಂಡ. ಆದರೆ ಆ ಖುಷಿ ಆರುವ ಮುಂಚೆಯೇ ತರಕಾರಿ ಮಾರುವ ಸಾಯಬಮ್ಮ ಪುಟ್ಟಿ ತುಂಬ ಹಾಗಲಕಾಯಿ ಜಜ್ಜಿಕೊಂಡು ಬಂದಳು.

“ಯವ್ವಾ, ಏನ ಮಾಡಾಕತ್ತಿ?” ಹಸನಸಾಬ ಓಡಿದ.

“ನನಗೂ ಶುಗರ್ ಇತ್ತಪಾ, ಇದರಿಂದ ಇಳೀತು. ಆಕಿಗೂ ಇಳೀತದ ಬಿಡು.” ಪುಟ್ಟಿ ಬಾವಿಗೆ ಮಗುಚಿತು.

ಅವಳ ಹಿಂದೆ ಬೇವಿನ ಸೊಪ್ಪು ಬಂತು, ಮೆಂತ್ಯ ಬಂತು, ನೇರಳೆ ಬೀಜದ ಪುಡಿ ಬಂತು. ಯಾರೋ ತಮ್ಮ ಗುಳಿಗೆಗಳನ್ನೂ ತಂದರು. ಜನ ಕೆಟ್ಟವರಲ್ಲ. ಬಾವಿಯ ಮೇಲೆ ಅವರಿಗಿದ್ದ ಪ್ರೀತಿಯಲ್ಲಿ ಹುಳುಕು ಹುಡುಕಿದರೂ ಸಿಗುತ್ತಿರಲಿಲ್ಲ. ಅದೇ ಪ್ರೀತಿ ಕೊಳೆತು ಹಸಿರು ಕೆನೆ ಕಟ್ಟಿತು. ನಾತ ಬಸ್‌ಸ್ಟ್ಯಾಂಡಿಗೆ ಮುಟ್ಟಿತು. ನಗರಸಭೆಯವರು ಬಂದು ನೀರು ಪರೀಕ್ಷಿಸಿ, ಕುಡಿಯಲು ಯೋಗ್ಯವಲ್ಲ ಎಂಬ ಹಲಗೆ ನೆಟ್ಟು, ಬಾವಿಯ ಬಾಯಿಗೆ ಕಬ್ಬಿಣದ ಜಾಲರಿ ಕೂರಿಸಲು ಅಳತೆ ತೆಗೆದುಕೊಂಡು ಹೋದರು.

ಆ ಶುಕ್ರವಾರ ಮಧ್ಯಾಹ್ನ ನಂದಿನಿ ಟೀಚರು ಓಣಿಯವರನ್ನು ಬಾವಿಯ ಹತ್ತಿರ ಸೇರಿಸಿದಳು. ಓಣಿಯ ಹಿರಿಯ ಫಕ್ರುದ್ದೀನ ಕುರ್ಚಿ ಹಾಕಿಸಿಕೊಂಡು ಕೂತ. ನಂದಿನಿಯ ಕೈಯಲ್ಲಿ ಪುಸ್ತಕ, ಕಣ್ಣಲ್ಲಿ ನೀರು.

“ಸಕ್ರಿ ಪುಟ ನಾ ಹೆಂಗೂ ತಗೀತೀನ್ರಿ. ಎಲ್ಲಾ ಸಾಲಿಗೂ ಹೇಳಿ ಕಳಿಸೀನಿ, ಯಾವ ಬಾವಿಗೂ ಏನೂ ಹಾಕಬ್ಯಾಡ್ರಿ ಅಂತ. ಬುಕ್ಕ ಮತ್ತೊಮ್ಮೆ ಛಾಪಸ್ಬೇಕು. ಅದಕ್ಕ ಒಂದು ಗೊತ್ತಾಗ್ಬೇಕು, ಯಾರ ಮಾತು ಹಿಡೀಬೇಕಂತ. ಸಕ್ರಿ ಹಾಕೂ ಪದ್ಧತಿ ಮೊದಲ ಇತ್ತೋ, ಇಲ್ಲೋ?” ಅವಳು ಚಮನಬೀಯ ಕಡೆ ತಿರುಗಿದಳು. “ಅವ್ವಾ, ತಪ್ಪು ತಿಳ್ಕೋಬ್ಯಾಡ್ರಿ. ನಿಮಗ ಮರೆವು ಅದ, ಅದಕ್ಕ ನೀವು ಹೇಳಲಿಲ್ಲ ಅಂತ ಕಾಕಾ ಅಂದಿದ್ರು. ಖರೇ ಏನ್ರಿ?”

ಇರುವೆಗಳೂ ನಿಂತವು.

ಚಮನಬೀ ತಮ್ಮನನ್ನು ನೋಡಿದಳು. ಹಸನಸಾಬನಿಗೆ ನೆಲ ಬಿರಿದು ತನ್ನನ್ನು ನುಂಗಬಾರದೇ ಅನ್ನಿಸಿತು, ಅದೂ ಬೇಡ, ಬಾವಿಯಾದರೂ ನುಂಗಲಿ ಅನ್ನಿಸಿತು. ಅವಳು ‘ಇಲ್ಲ’ ಎನ್ನುವವಳಿದ್ದಳು. ಇಲ್ಲ ಎಂದರೆ ಮುಗಿಯಿತು. ಊರ ಮಕ್ಕಳಿಗೆ ಸುಳ್ಳು ಹೇಳಿ ಬಾವಿ ಕೊಂದವನು, ತನ್ನನ್ನು ಹೊತ್ತು ಬೆಳೆಸಿದ ಅಕ್ಕನಿಗೆ ಬುದ್ಧಿ ಸರಿಯಿಲ್ಲ ಎಂದವನು. ಅಂಥವನ ಮುಂದೆ ಕೆಂಭಾವಿಯಲ್ಲಿ ಯಾರು ತಟ್ಟೆ ಇಡುತ್ತಾರೆ?

“ಹೌದವ್ವ,” ಎಂದಳು ಚಮನಬೀ. “ಖರೇ ಅದ. ಇತ್ತು ಆ ಪದ್ಧತಿ. ನಾ ಮರ್ತಿದ್ದೆ.”

ಹುಟ್ಟಿದಾಗಿನಿಂದ ಆ ಬಾಯಿಂದ ಒಂದು ಸುಳ್ಳು ಹೊರಟದ್ದನ್ನು ಹಸನಸಾಬ ಕೇಳಿರಲಿಲ್ಲ. ಈಗ ಹೊರಟಿತು, ಅವನಿಗಾಗಿ.

“ಇಲ್ಲ!” ಎಂದು ಕೂಗಿದ. “ಆಪಾ ಸುಳ್ಳು ಹೇಳಾಕತ್ತಾಳ! ಪದ್ಧತಿ ಇರಲೇ ಇಲ್ರಿ. ಸಕ್ರಿ ನಂದು, ಬಾವಿಯವ್ವ ನಂದು, ಮರೆವು ಅನ್ನೂದೂ ನಂದು! ಎಲ್ಲಾ ನಾ ಹುಟ್ಟಿಸಿದ್ದು! ಅಲ್ಲಾನ ಆಣಿ!”

ಫಕ್ರುದ್ದೀನ ಎದ್ದು ಬಂದು ಹಸನಸಾಬನ ಹೆಗಲ ಮೇಲೆ ಕೈ ಇಟ್ಟ.

“ನೋಡ್ರಪಾ. ಅಕ್ಕನ ಮರ್ಯಾದಿ ಕಾಯಾಕ ಎಲ್ಲಾ ತನ್ನ ತಲಿಮ್ಯಾಲ ಹಾಕ್ಕೊಳಾಕತ್ತಾನ. ತಮ್ಮ ಅಂದ್ರ ಹಿಂಗಿರಬೇಕು.”

“ಅಲ್ರೀ ಚಾಚಾ, ಖರೇನ ನಾ—”

“ಸಾಕು ಬಿಡಪಾ, ಗೊತ್ತಾತು,” ಎಂದಳು ಸಾಯಬಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ. “ಬಾಯಿ ದೊಡ್ಡದು ನಿಂದು, ಮನಸು ಅದಕ್ಕಿಂತ ದೊಡ್ಡದು.”

ಜೀವಮಾನದಲ್ಲಿ ಒಮ್ಮೆ ಕಲಾಯಿಯಿಲ್ಲದೆ ಆಡಿದ ಮಾತು, ಯಾರೂ ಕೊಳ್ಳಲಿಲ್ಲ. ಅವನು ಇನ್ನಷ್ಟು ಆಣೆ ಇಟ್ಟ, ಅಷ್ಟೂ ಅವನ ದೊಡ್ಡತನದ ಲೆಕ್ಕಕ್ಕೇ ಜಮೆಯಾಯಿತು. ನಂದಿನಿ ಚಮನಬೀಯ ಕೈ ಹಿಡಿದು, ಮಗುವಿಗೆ ಹೇಳುವಂತೆ ನಿಧಾನವಾಗಿ, ಬಿಡಿಸಿ ಬಿಡಿಸಿ, “ಏನೂ ಚಿಂತಿ ಮಾಡಬ್ಯಾಡ್ರಿ ಅವ್ವಾ,” ಎಂದಳು.

ಮನೆಗೆ ಬಂದ ಮೇಲೆ ಚಮನಬೀ ಜೋಳದ ಹಿಟ್ಟು ಕಲಸುತ್ತ ಕೂತಳು. ಹಸನಸಾಬ ಹೊಸ್ತಿಲ ಮೇಲೆ.

“ಯಾಕ ಹಂಗ ಅಂದಿ ಆಪಾ?”

“ಬಾವ್ಡಿ ಗಯೀ,” ಎಂದಳು ಅವಳು. “ತೂ ಭೀ ಜಾತಾ ಥಾ.” ಬಾವಿ ಹೋಯಿತು, ನೀನೂ ಹೋಗುತ್ತಿದ್ದೆ. ಸಿಟ್ಟಿನ ಮಾತಿಗಾಗಿ ಕಾದು ಕೂತಿದ್ದವನಿಗೆ ಆ ದಖನಿ ಏಟಿಗಿಂತ ಜೋರಾಗಿ ಬಿತ್ತು. ಸ್ವಲ್ಪ ಹೊತ್ತು ಹಿಟ್ಟು ನಾದಿದಳು. ಆಮೇಲೆ, ಬೈಯುವವಳಂತಲ್ಲ, ನಿಜಕ್ಕೂ ತಿಳಿಯಬೇಕೆನ್ನುವವಳಂತೆ ಕೇಳಿದಳು. ಸಕ್ಕರೆ ಸರಿ, ಬಾವಿಯವ್ವ ಸರಿ, ಅವು ನಿನ್ನ ಬಾಯಿಗೆ ಬರುವಂಥವೇ. ನನಗೆ ಮರೆವು ಎಂಬ ಮಾತು ನಿನಗೆ ಹೇಗೆ ಹೊಳೆಯಿತು ಹಸನ?

ಅವನು ಹೊಸ್ತಿಲಿನ ಕಟ್ಟಿಗೆಯನ್ನು ಉಗುರಿನಿಂದ ಕೆರೆಯುತ್ತ ಕೂತ. ಅವಳು ಹೆಂಚನ್ನು ಒಲೆಯ ಮೇಲಿಟ್ಟು ರೊಟ್ಟಿ ಬಡಿಯತೊಡಗಿದಳು.

ಜಾಲರಿ ಬಂತು, ಬೀಗ ಬಿತ್ತು. ಓಣಿಯವರು ಕ್ಯಾನಿನ ನೀರಿಗೆ ಒಗ್ಗಿಕೊಂಡರು. ಪುಸ್ತಕ ಎರಡನೆಯ ಸಲ ಅಚ್ಚಾಯಿತು. ಮರೆಯುವ ಮುದುಕಿಯ ಮಾತಿಗಿಂತ ಪ್ರಾಮಾಣಿಕ ತಮ್ಮನ ಮಾತೇ ಭದ್ರವೆಂದು ಶಿಕ್ಷಣ ಇಲಾಖೆಯವರು ನಂದಿನಿಗೆ ಸೂಚಿಸಿದ್ದರು. ಹಸನಸಾಬ ಅವಳ ಮುಂದೆ ಕೂತು ಚಮನಬೀಯ ಮಾತನ್ನು ಒಂದಕ್ಷರ ಹೆಚ್ಚು ಕಡಿಮೆಯಾಗದಂತೆ ಹೇಳಿದ. ಆಪಾ ಹೇಳಿದ್ದಿದು, ಆಪಾನ ಹೆಸರನ್ನೇ ಹಾಕಿರಿ ಎಂದು ಗೋಗರೆದ. ಎರಡೂ ಪುಟದ ಕೆಳಗೆ ಅಚ್ಚಾದದ್ದು ಅವನ ಹೆಸರು.

ಅಂದಿನಿಂದ ಸಂತೆಯಲ್ಲಿ ಅವನು ಕತೆ ಹೇಳುವುದನ್ನು ಬಿಟ್ಟ. ತಟ್ಟೆಗೆ ಎಷ್ಟು ಹೊತ್ತಾಗುತ್ತದೆ ಎಂದರೆ ಇಷ್ಟು ಹೊತ್ತು ಎನ್ನುತ್ತಿದ್ದ, ಅಷ್ಟೇ ಹೊತ್ತು ಹಿಡಿಯುತ್ತಿತ್ತು. ಹಂಡೆಗಳು ಮತ್ತೆ ಅಟ್ಟ ಸೇರಿದವು. ಜನ ಅವನ ಮಾತಿಗೆ ತೂಕ ಕೊಡತೊಡಗಿದರು. ಓಣಿಯ ಜಗಳಗಳು ಈಗ ಅವನ ಕಟ್ಟೆಗೆ ಬರುತ್ತಿದ್ದವು. ಒಳಗೆ ಚಮನಬೀ ಕೂತಿರುತ್ತಿದ್ದಳು. ಯಾರಾದರೂ ಬಂದವರು ಅವಳಿಗೆ ಗಟ್ಟಿಯಾಗಿ, “ಅಜ್ಜಿ, ನಾ ಯಾರು ಹೇಳು ನೋಡೂಣು?” ಎಂದು ಕೇಳುವರು. ಅವಳು ಹೆಸರು ಹೇಳಿದರೆ, “ಶಾಣ್ಯಾಕಿ!” ಎಂದು ಬೆನ್ನು ತಟ್ಟುವರು.

ಕಾರಹುಣ್ಣಿಮೆ ಮುಗಿದ ಒಂದು ಮಧ್ಯಾಹ್ನ. ಓಣಿಯುದ್ದಕ್ಕೂ ಅಂಗಳಗಳಲ್ಲಿ ಕೆಂಪು ಮೆಣಸಿನಕಾಯಿ ಹರವಿತ್ತು, ಆಕಾಶ ತೊಳೆದಿಟ್ಟ ತಟ್ಟೆಯಂತಿತ್ತು. ಚಮನಬೀ ಬಾಗಿಲಿಗೆ ಬಂದು ಗಾಳಿ ಮೂಸಿ, “ಮಳಿ ಬರ್ತದ, ಮೆಣಸಿನಕಾಯಿ ತಗೀರಿ,” ಎಂದಳು.

“ಹ್ಞೂಂ ಅಜ್ಜಿ, ಆತು ಅಜ್ಜಿ,” ಎಂದರು ಹೆಣ್ಣುಮಕ್ಕಳು ಒಬ್ಬರನ್ನೊಬ್ಬರು ನೋಡಿ ನಗುತ್ತ. ಯಾರೂ ಏಳಲಿಲ್ಲ. ಅಂಬರೀನ ಕೂಡ ಕುಂಟಾಬಿಲ್ಲೆಯ ನಡುವೆ ನಿಂತು, “ಒಳಗ ಹೋಗು ನಾನಿ, ಬಿಸಲದ,” ಎಂದಳು.

ಹಸನಸಾಬ ಕಟ್ಟೆಯಿಂದ ಎದ್ದ. “ಮಳಿ ಬರ್ತದ, ಮೆಣಸಿನಕಾಯಿ ತಗೀರಿ,” ಎಂದ. ಒಂದಕ್ಷರ ಕೂಡಿಸಲಿಲ್ಲ.

“ಹಸನಸಾಬ ಅಂದಾನ! ಏಳ್ರೇ!” ಸಾಯಬಮ್ಮ ಕೂಗಿದಳು. ಇಡೀ ಓಣಿ ಮೊರ, ಚಾಪೆ, ಸೆರಗು ಹಿಡಿದು ದಡಬಡಿಸಿ ಓಡಿತು. ಕೊನೆಯ ಅಂಗಳ ಬರಿದಾಗುವಷ್ಟರಲ್ಲಿ ಗುಡ್ಡದ ಕಡೆಯಿಂದ ಹನಿಗಳು ರಪರಪ ಬಂದವು. “ನೋಡಿದ್ರ್ಯಾ? ಅಂವ ಅಂದದ್ದು ಆಗೇ ಆಗ್ತದ,” ಎಂದು ಯಾರೋ ಅಂದರು.

ಅವನು ತಿರುಗಿ ನೋಡಿದ. ಚಮನಬೀ ತಮ್ಮ ಅಂಗಳದ ಮೆಣಸಿನಕಾಯಿಯನ್ನು ಆಗಲೇ ಒಬ್ಬಳೇ ಮೊರಕ್ಕೆ ತುಂಬಿ, ಸೊಂಟಕ್ಕೆ ಇರುಕಿಕೊಂಡು ಒಳಗೆ ಹೋಗುತ್ತಿದ್ದಳು. ಹಸನಸಾಬ ಮಳೆಯಲ್ಲಿ ನಿಂತೇ ಇದ್ದ. ಎದುರು ಮನೆಯ ಹೆಂಗಸು ಅವನನ್ನು ಕೂಗಿ ಕರೆದಳು, ನೀವು ಇಲ್ಲದಿದ್ದರೆ ನಮ್ಮ ವರ್ಷದ ಖಾರ ನೀರು ಪಾಲಾಗುತ್ತಿತ್ತು, ಬನ್ನಿ, ಒಂದು ಕಪ್ಪು ಚಹಾ ಕುಡಿದು ಹೋಗಿ ಎಂದಳು.